ಆಡಿಯೋ ಕೇಬಲ್: ದುಡ್ಡು ಹೆಚ್ಚು ಕೊಟ್ಟರೆ ಸದ್ದು ಚೆನ್ನಾಗುತ್ತದೆಯೇ?

ಮನೆಯಲ್ಲೊಂದು ಹಳೆಯ ಆಂಪ್ಲಿಫೈಯರ್ ಇದೆ, ಸ್ಪೀಕರುಗಳೂ ಚೆನ್ನಾಗಿವೆ. ಟೀವಿಯನ್ನೋ, ಸಿಡಿ ಪ್ಲೇಯರನ್ನೋ, ಲ್ಯಾಪ್‌ಟಾಪನ್ನೋ ಅದಕ್ಕೆ ಜೋಡಿಸಬೇಕು. ಬೇಕಾಗಿರುವುದು ಎರಡೂ ತುದಿಗೆ ಪಿನ್ ಇರುವ ಒಂದು ಮೀಟರ್ ಉದ್ದದ ಕೇಬಲ್, ಅಷ್ಟೇ. ಅಂಗಡಿಗೆ ಹೋದರೆ ಐವತ್ತು ರೂಪಾಯಿಯದೂ ಇದೆ, ಐದು ಸಾವಿರದ್ದೂ ಇದೆ. ಅಂತರಜಾಲದಲ್ಲಿ ಹುಡುಕಿದರೆ ಲಕ್ಷ ರೂಪಾಯಿ ದಾಟಿದವೂ ಕಣ್ಣಿಗೆ ಬೀಳುತ್ತವೆ. ಒಂದರ ಮೇಲೆ 'ಆಮ್ಲಜನಕವಿಲ್ಲದ ತಾಮ್ರ' ಎಂದು ಬರೆದಿದ್ದರೆ ಇನ್ನೊಂದಕ್ಕೆ ಬೆಳ್ಳಿಯ ಲೇಪ. ಮತ್ತೊಂದರ ಮೇಲೆ ಸಂಗೀತ ಯಾವ ದಿಕ್ಕಿನಲ್ಲಿ ಹರಿಯಬೇಕು ಎಂದು ತೋರಿಸುವ ಬಾಣದ ಗುರುತು!

ಈ ಗೊಂದಲ ಬೇಡವೆಂದು ಕೇಬಲ್ಲನ್ನು ತಾವೇ ತಯಾರಿಸಿಕೊಳ್ಳುವವರೂ ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಮೀಟರ್ ಲೆಕ್ಕದಲ್ಲಿ ಕೇಬಲ್ ತಂದು, ಪಿನ್ನುಗಳನ್ನು ಬೆಸುಗೆ ಹಾಕಿದರೆ ಅರ್ಧ ಗಂಟೆಯ ಕೆಲಸ. ಆದರೆ ಅಲ್ಲಿಯೂ ಪ್ರಶ್ನೆ ತಪ್ಪಿದ್ದಲ್ಲ. ಯಾವ ಕೇಬಲ್ ತರಬೇಕು? ಅಗ್ಗದ್ದು ತಂದರೆ ಸಂಗೀತ ಕೆಡುತ್ತದೆಯೇ? ಉತ್ತರ ಹುಡುಕಲು ಪ್ರೌಢಶಾಲೆಯಲ್ಲಿ ಕಲಿತ ಓಮ್‌ನ ನಿಯಮ, ಒಂದು ಚೂರು ಲೆಕ್ಕ ಸಾಕು. ಬನ್ನಿ, ನೋಡೋಣ.

ಈ ಕೇಬಲ್ ಮಾಡುವ ಕೆಲಸವಾದರೂ ಏನು?

ಆಡಿಯೋ ಕೇಬಲ್ ಎಂದಾಗ ನಾವು ಎರಡು ಬೇರೆ ಬೇರೆ ಸಂಗತಿಗಳನ್ನು ಬೆರೆಸಿಬಿಡುತ್ತೇವೆ. ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಹೋಗುವ ತಂತಿ ಒಂದು; ಪ್ಲೇಯರಿನಿಂದ ಆಂಪ್ಲಿಫೈಯರಿಗೆ ಹೋಗುವ ಕೇಬಲ್ ಇನ್ನೊಂದು. ಎರಡರ ಕೆಲಸವೂ ಬೇರೆ.

ಸ್ಪೀಕರಿನ ರೋಧ ಬಹಳ ಕಡಿಮೆ, ಸಾಮಾನ್ಯವಾಗಿ 4ರಿಂದ 8 ಓಮ್. ಹಾಗಾಗಿ ಅದರ ತಂತಿಯಲ್ಲಿ ಒಂದೆರಡು ಆಂಪಿಯರ್, ಕೆಲವೊಮ್ಮೆ ಇನ್ನೂ ಹೆಚ್ಚು ವಿದ್ಯುತ್ ಹರಿಯುತ್ತದೆ. ಅಲ್ಲಿ ತಂತಿ ದಪ್ಪವಾಗಿರಬೇಕು, ನಿಜ. ಆದರೆ ಪ್ಲೇಯರಿನಿಂದ ಆಂಪ್ಲಿಫೈಯರಿಗೆ ಹೋಗುವ ಕೇಬಲ್ಲಿನಲ್ಲಿ ಹರಿಯುವುದು ಶಕ್ತಿ ಅಲ್ಲ, ಬರಿಯ ಸಂದೇಶ. ಸಿಡಿ ಪ್ಲೇಯರ್ ಹೊರಡಿಸುವ ಗರಿಷ್ಠ ಸಂಕೇತ ಸುಮಾರು 2 ವೋಲ್ಟ್. ಅದನ್ನು ಪಡೆಯುವ ಆಂಪ್ಲಿಫೈಯರಿನ ಒಳರೋಧ ಸಾಮಾನ್ಯವಾಗಿ 10,000ದಿಂದ 50,000 ಓಮ್. 20,000 ಓಮ್ ಎಂದಿಟ್ಟುಕೊಂಡರೆ ಹರಿಯುವ ವಿದ್ಯುತ್ 0.1 ಮಿಲಿ ಆಂಪಿಯರ್ ಮಾತ್ರ. ಎಲೆಕ್ಟ್ರಾನಿಕ್ ಉಪಕರಣಗಳ ಮುಂದೆ ಮಿನುಗುವ ಪುಟ್ಟ ಎಲ್‌ಇಡಿ ದೀಪಕ್ಕೂ ಇದರ ಹತ್ತಾರು ಪಟ್ಟು ಬೇಕು.

ಮನೆಯ ಮೇಲಿನ ನೀರಿನ ಟ್ಯಾಂಕಿನಿಂದ ಬರುವ ಪೈಪಿನ ತುದಿಯಲ್ಲಿ ಹನಿಹನಿಯಾಗಿ ತೊಟ್ಟಿಕ್ಕುವ ನಲ್ಲಿ ಇದೆ ಎಂದುಕೊಳ್ಳಿ. ಅರ್ಧ ಇಂಚಿನ ಪೈಪ್ ಹಾಕಿದರೂ ಅಷ್ಟೇ ಹನಿ, ನಾಲ್ಕು ಇಂಚಿನದು ಹಾಕಿದರೂ ಅಷ್ಟೇ ಹನಿ. ಎಷ್ಟು ನೀರು ಬೀಳಬೇಕೆಂದು ತೀರ್ಮಾನಿಸುವುದು ನಲ್ಲಿ, ಪೈಪಲ್ಲ. ನಮ್ಮ ಕೇಬಲ್ಲಿನ ಕತೆಯೂ ಹಾಗೆಯೇ.

ಬೆಳ್ಳಿ ಹಾಕಿದರೆ ಬೆಲೆ ಬರುತ್ತದೆ, ಸದ್ದು?

ಒಂದು ಮೀಟರ್ ಉದ್ದದ, 0.2 ಚದರ ಮಿಲಿಮೀಟರ್ ಅಡ್ಡಕೊಯ್ತದ ಸಾಧಾರಣ ತಾಮ್ರದ ತಂತಿಯ ರೋಧ 0.1 ಓಮ್‌ಗಿಂತ ತುಸು ಕಡಿಮೆ. 20,000 ಓಮ್‌ನ ಎದುರು ಇದು ಎರಡು ಲಕ್ಷದಲ್ಲಿ ಒಂದು ಪಾಲು. ಅಂದರೆ ಸಂಕೇತದಲ್ಲಿ ಕಳೆದುಹೋಗುವುದು ಶೇ 0.0005ರಷ್ಟು.

ಲೋಹಗಳಲ್ಲೆಲ್ಲ ವಿದ್ಯುತ್ತನ್ನು ಅತಿ ಚೆನ್ನಾಗಿ ಹರಿಸುವುದು ಬೆಳ್ಳಿಯೇ, ಅನುಮಾನವಿಲ್ಲ. ಆದರೆ ತಾಮ್ರಕ್ಕಿಂತ ಅದು ಮುಂದಿರುವುದು ಶೇ 6ರಷ್ಟು ಮಾತ್ರ. ತಾಮ್ರ ತೆಗೆದು ಬೆಳ್ಳಿ ಹಾಕಿದರೆ ಆ ಶೇ 0.0005 ಎನ್ನುವುದು ಶೇ 0.00047 ಆಗುತ್ತದೆ. ಇದನ್ನು ಕೇಳಿಸಿಕೊಳ್ಳಬಲ್ಲ ಕಿವಿ ಇನ್ನೂ ಹುಟ್ಟಿಲ್ಲ. ಆಮ್ಲಜನಕವಿಲ್ಲದ ತಾಮ್ರದ ಕತೆಯೂ ಇದೇ. ಮಾಮೂಲಿ ವಿದ್ಯುತ್ ತಂತಿಯ ತಾಮ್ರವೇ ಶೇ 99.9ರಷ್ಟು ಶುದ್ಧ, ಅದಕ್ಕೂ ಆಮ್ಲಜನಕ ತೆಗೆದ ತಾಮ್ರಕ್ಕೂ ವಾಹಕತೆಯಲ್ಲಿ ಇರುವ ವ್ಯತ್ಯಾಸ ಹೆಚ್ಚೆಂದರೆ ಶೇ 1. ಆ ತಾಮ್ರ ಸುಳ್ಳಲ್ಲ, ಕೆಲವು ಕೈಗಾರಿಕೆಗಳಲ್ಲಿ ಅದು ಬೇಕೇ ಬೇಕು. ನಮ್ಮ ಕೇಬಲ್ಲಿಗೆ ಮಾತ್ರ ಅದರಿಂದ ಲಾಭವಿಲ್ಲ.

'ಹೆಚ್ಚಿನ ಕಂಪನಾಂಕದಲ್ಲಿ ವಿದ್ಯುತ್ ತಂತಿಯ ಹೊರಮೈಯಲ್ಲೇ ಹರಿಯುತ್ತದೆ, ಆದ್ದರಿಂದ ಬೆಳ್ಳಿಯ ಲೇಪ ಬೇಕು' ಎಂಬ ವಾದವೂ ಇದೆ. ಹೊರಮೈಯ ವಿಷಯ ನಿಜ. ಆದರೆ ಮನುಷ್ಯನ ಕಿವಿಗೆ ಕೇಳಿಸುವ ಗರಿಷ್ಠ ಮಿತಿಯಾದ 20 ಕಿಲೋಹರ್ಟ್ಸ್‌ನಲ್ಲೂ ತಾಮ್ರದೊಳಗೆ ವಿದ್ಯುತ್ ಸುಮಾರು 0.46 ಮಿಲಿಮೀಟರ್ ಆಳದವರೆಗೆ ಇಳಿಯುತ್ತದೆ. ನಾವು ಬಳಸುವ ತಂತಿಯ ಇಡೀ ದಪ್ಪವೇ ಹೆಚ್ಚುಕಡಿಮೆ ಅಷ್ಟು! ಹಾಗಾಗಿ ಒಳಗೆ-ಹೊರಗೆ ಎಂಬ ಭೇದವೇ ಇಲ್ಲಿ ಏಳುವುದಿಲ್ಲ.

ಹಾಗಾದರೆ ಯಾವ ಕೇಬಲ್ ಆದರೂ ನಡೆಯುತ್ತದೆಯೇ?

ಇಲ್ಲ. ಜಾಹೀರಾತುಗಳು ಹೇಳುವ ಗುಣಗಳು ಲೆಕ್ಕಕ್ಕೆ ಬರುವುದಿಲ್ಲ ಎಂದ ಮಾತ್ರಕ್ಕೆ ಎಲ್ಲ ಕೇಬಲ್ಲುಗಳೂ ಒಂದೇ ಅಲ್ಲ. ಲೆಕ್ಕಕ್ಕೆ ಬರುವ ಗುಣಗಳು ಬೇರೆ ಇವೆ. ಅವುಗಳಲ್ಲಿ ಮೊದಲನೆಯದು ಕೆಪಾಸಿಟೆನ್ಸ್, ಅಂದರೆ ಧಾರಕತೆ.

ಕೇಬಲ್ಲಿನ ಒಳಗೆ ಎರಡು ವಾಹಕಗಳು ಇರುತ್ತವೆ, ನಡುವೆ ಪ್ಲಾಸ್ಟಿಕ್. ಎರಡು ವಾಹಕಗಳ ನಡುವೆ ಅವಾಹಕ ಇದ್ದರೆ ಅದು ಒಂದು ಕೆಪಾಸಿಟರ್ ಆಯಿತು. ಒಣಗಿದ ಕಾಲುವೆಗೆ ನೀರು ಬಿಟ್ಟರೆ ಮೊದಲು ಕಾಲುವೆಯ ಮಣ್ಣು ಕುಡಿಯುತ್ತದೆ, ಆಮೇಲೆ ಗದ್ದೆಗೆ ನೀರು ಹೋಗುತ್ತದೆ. ಹಾಗೆಯೇ ಸಂಕೇತದ ಪ್ರತಿ ಏರಿಳಿತಕ್ಕೂ ಮೊದಲು ಕೇಬಲ್ ತುಂಬಬೇಕು, ಖಾಲಿಯಾಗಬೇಕು. ಏರಿಳಿತ ನಿಧಾನವಾಗಿದ್ದರೆ ಇದು ಗೊತ್ತೇ ಆಗುವುದಿಲ್ಲ. ತೀರ ವೇಗವಾಗಿದ್ದರೆ, ಅಂದರೆ ತಾರಸ್ಥಾಯಿಯ ಸೂಕ್ಷ್ಮ ಸ್ವರಗಳಲ್ಲಿ, ಸಂಕೇತ ಕುಗ್ಗಬಹುದು.

ಇದು ಹಳೆಯ ಸಮಸ್ಯೆ. 1858ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಮೊದಲ ಟೆಲಿಗ್ರಾಫ್ ಕೇಬಲ್ ಹಾಕಿದಾಗ ವಿಕ್ಟೋರಿಯಾ ರಾಣಿ ಅಮೆರಿಕದ ಅಧ್ಯಕ್ಷರಿಗೆ ಕಳಿಸಿದ 98 ಪದಗಳ ಸಂದೇಶ ತಲುಪಲು ಸುಮಾರು 16 ಗಂಟೆ ಹಿಡಿಯಿತು. ಸಾವಿರಾರು ಕಿಲೋಮೀಟರ್ ಉದ್ದದ ಆ ಕೇಬಲ್ಲಿನ ಧಾರಕತೆ ಪ್ರತಿ ಸಂಕೇತವನ್ನೂ ಎಳೆದು ಮಸುಕಾಗಿಸುತ್ತಿತ್ತು. ಉದ್ದದ ಕೇಬಲ್ಲಿನಲ್ಲಿ ಹೀಗಾಗುತ್ತದೆ ಎಂದು ಅದಕ್ಕೂ ಮೊದಲೇ ಲೆಕ್ಕ ಹಾಕಿ ತೋರಿಸಿದವರು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಜ್ಞಾನಿ.

ನಮ್ಮ ಕೇಬಲ್ ಒಂದು ಮೀಟರಿನದು. ಅದರ ಧಾರಕತೆ 100 ಪಿಕೋಫ್ಯಾರಡ್, ಪ್ಲೇಯರಿನ ಹೊರರೋಧ 1,000 ಓಮ್ ಎಂದುಕೊಳ್ಳೋಣ. ಸಂಕೇತ ಗಮನಾರ್ಹವಾಗಿ ಕುಗ್ಗಲು ಶುರುವಾಗುವುದು ಸುಮಾರು 16 ಲಕ್ಷ ಹರ್ಟ್ಸ್‌ನಲ್ಲಿ. ನಮಗೆ ಕೇಳಿಸುವುದು 20 ಸಾವಿರ ಹರ್ಟ್ಸ್‌ವರೆಗೆ ಮಾತ್ರ. ಎಂಬತ್ತು ಪಟ್ಟು ಅಂತರವಿದೆ! ನಾವು ಚಿಂತಿಸಬೇಕಾದ್ದೇನೂ ಇಲ್ಲ.

ಆದರೆ ಚಿಂತಿಸಬೇಕಾದ ಎರಡು ಸಂದರ್ಭಗಳಿವೆ. ಒಂದು, ಯಾವುದೇ ವಿದ್ಯುತ್ ಸಂಪರ್ಕವಿಲ್ಲದೆ ಬರಿಯ ವಾಲ್ಯೂಮ್ ಕಂಟ್ರೋಲನ್ನು ಡಬ್ಬಿಯಲ್ಲಿಟ್ಟು ನಡುವೆ ಜೋಡಿಸಿದಾಗ. 50 ಕಿಲೋ ಓಮ್‌ನ ಇಂಥ ಕಂಟ್ರೋಲಿನ ಹೊರರೋಧ 12,500 ಓಮ್‌ವರೆಗೆ ಏರಬಹುದು. ಅದರ ಮುಂದೆ ಮೀಟರಿಗೆ 150 ಪಿಕೋಫ್ಯಾರಡ್‌ನ ಐದು ಮೀಟರ್ ಕೇಬಲ್ ಹಾಕಿದರೆ 17 ಕಿಲೋಹರ್ಟ್ಸ್‌ನಲ್ಲೇ ಸಂಕೇತದ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ತಂಬೂರಿಯ ಝೇಂಕಾರದ, ತಾಳದ ಹೊಳಪು ಮಂಕಾದಂತೆ ಅನ್ನಿಸಿದರೆ ಅದು ಭ್ರಮೆಯಲ್ಲ.

ಎರಡು, ಗ್ರಾಮಫೋನ್ ತಟ್ಟೆ ನುಡಿಸುವ ಟರ್ನ್‌ಟೇಬಲ್. ಅದರ ಮುಳ್ಳಿನ ಹಿಂದೆ ಇರುವ ಕಾರ್ಟ್ರಿಜ್‌ನಲ್ಲಿ ತಂತಿಯ ಸುರುಳಿ ಇದೆ. ಆ ಸುರುಳಿ, ಕೇಬಲ್ಲಿನ ಧಾರಕತೆ ಎರಡೂ ಸೇರಿ ಒಂದು ಕಂಪನಾಂಕದಲ್ಲಿ ಅನುರಣನ ಹುಟ್ಟಿಸುತ್ತವೆ. ಸುರುಳಿಯ ಪ್ರೇರಕತೆ ಅರ್ಧ ಹೆನ್ರಿ ಇದ್ದು ಒಟ್ಟು ಧಾರಕತೆ 250 ಪಿಕೋಫ್ಯಾರಡ್ ಆದರೆ ಅದು ಸುಮಾರು 14 ಕಿಲೋಹರ್ಟ್ಸ್‌ನಲ್ಲಿ ಬೀಳುತ್ತದೆ. 500 ಆದರೆ 10 ಕಿಲೋಹರ್ಟ್ಸ್‌ಗೆ ಇಳಿಯುತ್ತದೆ. ಸದ್ದಿನ ಬಣ್ಣವೇ ಬದಲಾಗುತ್ತದೆ. ಕಾರ್ಟ್ರಿಜ್ ತಯಾರಕರು ಎಷ್ಟು ಧಾರಕತೆ ಇರಬೇಕೆಂದು ಕೈಪಿಡಿಯಲ್ಲಿ ಬರೆದಿರುತ್ತಾರಲ್ಲ, ಅದು ಇದಕ್ಕೇ. ಇಲ್ಲಿ ಕಡಿಮೆ ಧಾರಕತೆಯ, ಗಿಡ್ಡನೆಯ ಕೇಬಲ್ಲೇ ಬೇಕು. ಹಾಗಂತ ಅದು ದುಬಾರಿಯಾಗಿರಬೇಕಿಲ್ಲ.

ದುಡ್ಡಿಗೆ ಬೆಲೆ ಇರುವುದು ಎಲ್ಲಿ? ಜಾಲರಿಯಲ್ಲಿ!

ಮನೆಯಲ್ಲಿ ತಯಾರಿಸಿದ ಕೇಬಲ್ ಕೈಕೊಡುವುದು ಸಾಮಾನ್ಯವಾಗಿ ಒಂದೇ ರೀತಿಯಲ್ಲಿ: ಸಂಗೀತದ ಹಿಂದೆ 'ಗುಂಯ್' ಎನ್ನುವ ಸದ್ದು. ನಮ್ಮ ದೇಶದಲ್ಲಿ ಗೋಡೆಯ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಹಿಂದೆಮುಂದೆ ಆಗುತ್ತದೆ. ಈ ಗುಂಯ್ ಸದ್ದು ಅದರದೇ, ಇಲ್ಲವೇ ಅದರ ದುಪ್ಪಟ್ಟು 100 ಹರ್ಟ್ಸ್‌ನದು. ಇದು ಕೇಬಲ್ಲಿನೊಳಗೆ ನುಗ್ಗಲು ಮೂರು ದಾರಿಗಳಿವೆ.

ಮೊದಲನೆಯದು ವಿದ್ಯುತ್ ಕ್ಷೇತ್ರ. ಹತ್ತಿರದಲ್ಲಿರುವ ಕರೆಂಟಿನ ತಂತಿಗಳು ಕೇಬಲ್ಲಿನ ಒಳತಂತಿಯ ಮೇಲೆ ಪ್ರಭಾವ ಬೀರುತ್ತವೆ. ಒಳತಂತಿಯ ಸುತ್ತ ಲೋಹದ ಜಾಲರಿ ಹೊದಿಸಿದರೆ ಇದು ನಿಂತುಹೋಗುತ್ತದೆ. ನಡುವೆ ಒಂದು ತಂತಿ, ಅದರ ಸುತ್ತ ಪ್ಲಾಸ್ಟಿಕ್, ಅದರ ಸುತ್ತ ಜಾಲರಿ; ಇದೇ ಕೊಆಕ್ಸಿಯಲ್ ಕೇಬಲ್. 1880ರಲ್ಲಿ ಇದಕ್ಕೆ ಪೇಟೆಂಟ್ ಪಡೆದವರು ಇಂಗ್ಲೆಂಡಿನ ಆಲಿವರ್ ಹೆವಿಸೈಡ್.

ಎರಡನೆಯದು ಕಾಂತಕ್ಷೇತ್ರ. ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ ಆಂಪ್ಲಿಫೈಯರ್, ಸ್ಟೆಬಿಲೈಜರ್, ಯುಪಿಎಸ್ ಇವುಗಳ ಪಕ್ಕದಲ್ಲೇ ಕೇಬಲ್ ಹಾದುಹೋದರೆ ಇದು ನುಗ್ಗುತ್ತದೆ. ತಾಮ್ರದ ಜಾಲರಿ 50 ಹರ್ಟ್ಸ್‌ನ ಕಾಂತಕ್ಷೇತ್ರವನ್ನು ತಡೆಯಲಾರದು. ಎಷ್ಟು ದುಬಾರಿ ಕೇಬಲ್ ತಂದರೂ ಅಷ್ಟೇ. ಇದಕ್ಕೆ ಮದ್ದು ಪುಕ್ಕಟೆ: ಕೇಬಲ್ಲನ್ನು ಅರ್ಧ ಮೀಟರ್ ದೂರ ಸರಿಸುವುದು.

ಮೂರನೆಯದೇ ಎಲ್ಲಕ್ಕಿಂತ ಕಾಡುವಂಥದ್ದು. ಎರಡು ಉಪಕರಣಗಳ ಲೋಹದ ಮೈಗಳ ನಡುವೆ ಸಣ್ಣ ಪ್ರಮಾಣದ ವಿದ್ಯುತ್ ಸದಾ ಸೋರುತ್ತಿರುತ್ತದೆ. ಅವನ್ನು ಕೇಬಲ್ಲಿನಿಂದ ಜೋಡಿಸಿದೊಡನೆ ಈ ಸೋರುವ ವಿದ್ಯುತ್ತಿಗೆ ಜಾಲರಿಯೇ ದಾರಿಯಾಗುತ್ತದೆ. ಮನೆಯ ಆಡಿಯೋ ಕೇಬಲ್ಲುಗಳಲ್ಲಿ ಜಾಲರಿಗೆ ಎರಡು ಕೆಲಸ: ಹೊರಗಿನ ಗಲಾಟೆಯನ್ನು ತಡೆಯುವುದು, ಸಂಕೇತ ಹಿಂದಿರುಗುವ ದಾರಿಯಾಗುವುದು. ಹಾಗಾಗಿ ಜಾಲರಿಯಲ್ಲಿ ಸೋರಿಕೆಯ ವಿದ್ಯುತ್ ಹರಿದು ಹುಟ್ಟುವ ವೋಲ್ಟೇಜ್ ನೇರವಾಗಿ ಸಂಗೀತದ ಸಂಕೇತಕ್ಕೆ ಸೇರಿಕೊಳ್ಳುತ್ತದೆ. ಯಾವುದು ಹಾಡು, ಯಾವುದು ಸೋರಿಕೆ ಎಂದು ಆಂಪ್ಲಿಫೈಯರಿಗೆ ಗೊತ್ತಾಗುವುದಿಲ್ಲ.

ಜಾಲರಿಯ ರೋಧ 0.1 ಓಮ್ ಇದ್ದು, 10 ಮಿಲಿ ಆಂಪಿಯರ್ ಹರಿದರೆ ಹುಟ್ಟುವುದು 1 ಮಿಲಿವೋಲ್ಟ್. ಇದು 2 ವೋಲ್ಟ್ ಸಂಕೇತದ ಎರಡು ಸಾವಿರದಲ್ಲಿ ಒಂದು ಭಾಗ. ರಾತ್ರಿ ಮನೆ ನಿಶ್ಶಬ್ದವಾಗಿದ್ದಾಗ, ಆಲಾಪನೆಯ ನಡುವಿನ ಮೌನದಲ್ಲಿ ಇದು ಕೇಳಿಸಬಹುದು. ಅದೇ ಜಾಲರಿ ದಟ್ಟವಾದ ತಾಮ್ರದ್ದಾಗಿದ್ದು ಅದರ ರೋಧ 0.01 ಓಮ್ ಇದ್ದರೆ ಗುಂಯ್ ಸದ್ದೂ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಇಲ್ಲಿಯ ತಮಾಷೆ ಗಮನಿಸಿ. ಜಾಹೀರಾತುಗಳೆಲ್ಲ ಹೊಗಳುವುದು ನಡುವಿನ ತಂತಿಯನ್ನು, ಅಲ್ಲಿಯ ಬೆಳ್ಳಿಯನ್ನು. ಆದರೆ ನಿಜಕ್ಕೂ ಲೆಕ್ಕಕ್ಕೆ ಬರುವುದು ಅದರ ಸುತ್ತಲಿರುವ, ಯಾರೂ ಮಾತಾಡದ ಜಾಲರಿ. ನಾವು ದುಡ್ಡು ಕೊಡುವುದಿದ್ದರೆ ಅಲ್ಲಿರುವ ತಾಮ್ರಕ್ಕೆ ಕೊಡಬೇಕು.

ಅಂಗಡಿಯಲ್ಲಿ ಏನು ಕೇಳಬೇಕು?

ಮೀಟರ್ ಲೆಕ್ಕದಲ್ಲಿ ಸಿಗುವ ಕೇಬಲ್ಲುಗಳನ್ನು ಒಂದೊಂದಾಗಿ ನೋಡೋಣ.

ಡಿಶ್ ಕೇಬಲ್: ಛಾವಣಿಯ ಡಿಶ್‌ನಿಂದ ಟೀವಿಯ ಡಬ್ಬಿಗೆ ಬರುವ ದಪ್ಪ ಕೇಬಲ್, ಆರ್‌ಜಿ-6. ತುಂಬಾ ಅಗ್ಗ, ಧಾರಕತೆಯೂ ಮೀಟರಿಗೆ 55 ಪಿಕೋಫ್ಯಾರಡ್‌ನಷ್ಟು ಕಡಿಮೆ. ಸಾಮಾನ್ಯವಾಗಿ ಅದರ ನಡುವಿನ ತಂತಿ ತಾಮ್ರ ಹೊದಿಸಿದ ಉಕ್ಕು. ಅಯಸ್ಕಾಂತ ಹಿಡಿದರೆ ಅಂಟುತ್ತದೆ. ನಮ್ಮ ಸಂಕೇತಕ್ಕೆ ಅದರಿಂದ ತೊಂದರೆಯಿಲ್ಲ. ತೊಂದರೆ ಇರುವುದು ಜಾಲರಿಯಲ್ಲಿ. ಅದು ಹೆಚ್ಚಾಗಿ ಅಲ್ಯೂಮಿನಿಯಂ, ಬೆಸುಗೆ ಹಿಡಿಯುವುದಿಲ್ಲ. ಜೊತೆಗೆ ಕೇಬಲ್ ಬಹಳ ಬಿರುಸು, ಆಂಪ್ಲಿಫೈಯರಿನ ಹಿಂದಿನ ಸಾಕೆಟ್ಟನ್ನೇ ಎಳೆದು ಸಡಿಲಿಸುತ್ತದೆ. ಸುಮಾರು 7 ಮಿಲಿಮೀಟರ್ ದಪ್ಪವಿರುವುದರಿಂದ ಎಷ್ಟೋ ಪಿನ್ನುಗಳ ಒಳಗೆ ತೂರುವುದೇ ಇಲ್ಲ.

ವಿಡಿಯೋ ಕೇಬಲ್: ಆರ್‌ಜಿ-59. ತಾಮ್ರದ ಜಾಲರಿಯೇ ಇರುವಂಥದ್ದು ಬೇಕೆಂದು ಕೇಳಿ ಪಡೆಯಬೇಕು. ಧಾರಕತೆ ಮೀಟರಿಗೆ ಸುಮಾರು 55ರಿಂದ 70 ಪಿಕೋಫ್ಯಾರಡ್. ದಟ್ಟವಾದ ತಾಮ್ರದ ಜಾಲರಿ ಇದ್ದರೆ ಅದರ ರೋಧ ಮೀಟರಿಗೆ 0.01 ಓಮ್ ಆಸುಪಾಸು. ಅಗ್ಗದ ಬೆಲೆಗೆ ನಮಗೆ ಬೇಕಾದ ಎರಡೂ ಗುಣಗಳು ಇದರಲ್ಲಿವೆ. ಇದರ 75 ಓಮ್ ಎಂಬ ಅಂಕಿ ಒಂದು ಮೀಟರಿನ ಮಾಮೂಲಿ ಆಡಿಯೋಗೆ ಮುಖ್ಯವಲ್ಲ. ಆದರೆ ಟೀವಿಯ ಡಿಜಿಟಲ್ ಆಡಿಯೋ ಔಟ್‌ಪುಟ್‌ಗೆ ಅದು ಬೇಕು. ಅಲ್ಲಿಯೂ ಇದೇ ಕೇಬಲ್ ಬಳಸಬಹುದು.

ಮೈಕ್ ಕೇಬಲ್: ಮೆತ್ತಗೆ, ಮಣಿಯುವಂಥದ್ದು. ಒಳಗೆ ಎರಡು ತಂತಿ, ಸುತ್ತ ಜಾಲರಿ. ಧಾರಕತೆ ತುಸು ಹೆಚ್ಚು, ಮೀಟರಿಗೆ 100ರಿಂದ 200ರವರೆಗೆ ಇರಬಹುದು. ಒಂದೆರಡು ಮೀಟರಿಗೆ ಅದು ಸಮಸ್ಯೆಯಲ್ಲ. ಪದೇ ಪದೇ ಬಿಚ್ಚಿ ಜೋಡಿಸುವ ಕಡೆ ಇದೇ ಒಳ್ಳೆಯದು. ಟರ್ನ್‌ಟೇಬಲ್‌ಗೆ ಮಾತ್ರ ಬೇಡ.

ಇಂಟರ್ನೆಟ್ ಕೇಬಲ್: ಮನೆಯಲ್ಲಿ ಉಳಿದ ತುಂಡು ಇರುತ್ತದೆ, ಧಾರಕತೆ ಕಡಿಮೆ. ಆದರೆ ಮಾಮೂಲಿ ಇಂಟರ್ನೆಟ್ ಕೇಬಲ್‌ಗೆ ಜಾಲರಿ ಇಲ್ಲ. ಆರ್‌ಸಿಎ ಪಿನ್ ಹಾಕಿದರೆ ಗುಂಯ್ ಸದ್ದಿಗೆ ಬಾಗಿಲು ತೆರೆದಂತೆ. ಗೋಡೆಯೊಳಗೆ ಕೂರಿಸುವ ಇದರ ಗಟ್ಟಿ ತಂತಿ ನಾಲ್ಕಾರು ಬಾರಿ ಬಗ್ಗಿಸಿದರೆ ಮುರಿಯುತ್ತದೆ.

ಸಿಸಿಟಿವಿ ಕೇಬಲ್: ಮೂರು ಸಣ್ಣ ತಂತಿ, ಒಂದು ತೆಳುವಾದ ಕೊಆಕ್ಸಿಯಲ್ ಸೇರಿದ 'ತ್ರೀ ಪ್ಲಸ್ ಒನ್'. ಕೆಲವು ಚೆನ್ನಾಗಿವೆ, ಹಲವು ತಾಮ್ರ ಬಳಿದ ಅಲ್ಯೂಮಿನಿಯಂ. ಬ್ಲೇಡಿನಿಂದ ತಂತಿಯನ್ನು ಕೆರೆದು ನೋಡಿ. ಒಳಗೆ ಬಿಳಿ ಕಂಡರೆ ಬಿಟ್ಟುಬಿಡಿ. ಸಂಗೀತ ಕೆಡುತ್ತದೆ ಎಂದಲ್ಲ. ಬೆಸುಗೆ ನಿಲ್ಲುವುದಿಲ್ಲ, ತಂತಿ ತುಂಡಾಗುತ್ತದೆ.

ನಾವಾದರೆ ತಾಮ್ರದ ಜಾಲರಿಯ ಆರ್‌ಜಿ-59 ತರುತ್ತೇವೆ. ಮೆತ್ತಗಿರಬೇಕು ಎಂದಾದರೆ ಮೈಕ್ ಕೇಬಲ್. ಎರಡೂ ಮೀಟರಿಗೆ ಹತ್ತಾರು ರೂಪಾಯಿಯ ವ್ಯವಹಾರ.

ಪಿನ್ ಮತ್ತು ಬೆಸುಗೆ

ಕೇಬಲ್ಲುಗಳು ಹಾಳಾಗುವುದು ನಡುವಿನಲ್ಲಲ್ಲ, ತುದಿಯಲ್ಲಿ. ಹಾಗಾಗಿ ಕೇಬಲ್ಲಿನಲ್ಲಿ ಉಳಿಸಿದ ದುಡ್ಡಿನಲ್ಲಿ ಒಂದಿಷ್ಟನ್ನು ಪಿನ್ನಿಗೆ ಹಾಕುವುದು ಜಾಣತನ. ಲೋಹದ ಕವಚ ಇರಬೇಕು, ಸಾಕೆಟ್ಟಿನಲ್ಲಿ ಬಿಗಿಯಾಗಿ ಕೂರಬೇಕು, ಕೇಬಲ್ಲನ್ನು ಹಿಡಿದುಕೊಳ್ಳುವ ಕ್ಲಿಪ್ ಇರಬೇಕು. ಚಿನ್ನದ ಲೇಪದ ಉಪಯೋಗ ಒಂದೇ: ಚಿನ್ನ ಕಿಲುಬು ಹಿಡಿಯುವುದಿಲ್ಲ. ಕರಾವಳಿಯಂಥ ತೇವದ ಊರುಗಳಲ್ಲಿ ಅದು ಸಣ್ಣ ಲಾಭವಲ್ಲ.

ಬೆಸುಗೆ ಹಾಕುವಾಗ ಒಂದು ಎಚ್ಚರ. ಸೋಲ್ಡರಿಂಗ್ ಐರನ್ನಿನ ತುದಿ 300 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ; ಕೇಬಲ್ಲಿನೊಳಗಿನ ಪಾಲಿಥೀನ್ ಸುಮಾರು 110ರಿಂದ 130 ಡಿಗ್ರಿಗೇ ಕರಗುತ್ತದೆ. ಹೆಚ್ಚು ಹೊತ್ತು ಹಿಡಿದರೆ ಪ್ಲಾಸ್ಟಿಕ್ ಕರಗಿ ನಡುವಿನ ತಂತಿ ಜಾಲರಿಗೆ ತಾಗುತ್ತದೆ, ಸದ್ದೇ ಬರುವುದಿಲ್ಲ. ತಂತಿಗೂ ಪಿನ್ನಿಗೂ ಮೊದಲೇ ಬೇರೆ ಬೇರೆಯಾಗಿ ಸೀಸ ಹಚ್ಚಿಕೊಂಡು, ಆಮೇಲೆ ಎರಡನ್ನೂ ಸೇರಿಸಿ ಎರಡು ಮೂರು ಸೆಕೆಂಡಿನಲ್ಲಿ ಮುಗಿಸಬೇಕು. ಕಿಟಕಿ ತೆರೆದಿರಲಿ, ಕೆಲಸ ಮುಗಿದ ಮೇಲೆ ಕೈ ತೊಳೆಯದೆ ಏನೂ ತಿನ್ನಬೇಡಿ.

ಮೈಕ್ ಕೇಬಲ್ ಬಳಸಿದರೆ ಒಂದು ತಂತಿಯನ್ನು ನಡುವಿನ ಪಿನ್ನಿಗೆ ಹಾಕಿ, ಇನ್ನೊಂದನ್ನು ಜಾಲರಿಯ ಜೊತೆ ಸೇರಿಸಿ ಎರಡೂ ತುದಿಯಲ್ಲಿ ಹೊರಭಾಗಕ್ಕೆ ಬೆಸೆಯಿರಿ. ಜಾಲರಿಯನ್ನು ಒಂದೇ ತುದಿಗೆ ಜೋಡಿಸಬೇಕು ಎಂಬ ಸಲಹೆ ಬಹಳ ಕಡೆ ಸಿಗುತ್ತದೆ. ಹಾಗೆ ಮಾಡಿದರೆ ಹಿಂದಿರುಗುವ ದಾರಿಯಾಗಿ ಉಳಿಯುವುದು ಒಂದು ತೆಳು ತಂತಿ ಮಾತ್ರ. ಅದರ ರೋಧ ಹೆಚ್ಚು, ಹಾಗಾಗಿ ಸೋರಿಕೆಯ ಸದ್ದೂ ಹೆಚ್ಚು. ಅಂದ ಹಾಗೆ, ಕೆಲವು ಕೇಬಲ್ಲುಗಳ ಮೇಲಿನ ಬಾಣದ ಗುರುತಿಗೆ ಇರುವ ಅರ್ಥ ಇಷ್ಟೇ: ಜಾಲರಿ ಯಾವ ತುದಿಗೆ ಜೋಡಣೆಯಾಗಿದೆ ಎಂದು ಅದು ಹೇಳುತ್ತದೆ. ಸಂಗೀತದ ವಿದ್ಯುತ್ತು ಸೆಕೆಂಡಿಗೆ ಸಾವಿರಾರು ಬಾರಿ ಹಿಂದಕ್ಕೂ ಮುಂದಕ್ಕೂ ಓಡಾಡುವಂಥದ್ದು. ಅದಕ್ಕೆ ಏಕಮುಖ ಸಂಚಾರದ ನಿಯಮವಿಲ್ಲ.

ಕೊನೆಗೆ ಮಲ್ಟಿಮೀಟರ್ ಹಿಡಿದು ನೋಡಿ: ಒಂದು ತುದಿಯ ನಡುಪಿನ್ನಿನಿಂದ ಇನ್ನೊಂದು ತುದಿಯ ನಡುಪಿನ್ನಿಗೆ ಬೀಪ್ ಬರಬೇಕು, ಹೊರಭಾಗದಿಂದ ಹೊರಭಾಗಕ್ಕೆ ಬರಬೇಕು, ನಡುವಿನಿಂದ ಹೊರಭಾಗಕ್ಕೆ ಬರಬಾರದು.

ಗುಂಯ್ ಸದ್ದು ಹೋಗಲಿಲ್ಲವೇ? ಅರ್ತ್ ಪಿನ್ ಮಾತ್ರ ಕೀಳಬೇಡಿ

ಇಷ್ಟಾದರೂ ಸದ್ದು ಉಳಿದರೆ ಹಲವರು ಹೇಳಿಕೊಡುವ ಉಪಾಯ ಒಂದಿದೆ: ಮೂರು ಪಿನ್ನಿನ ಪ್ಲಗ್‌ನಲ್ಲಿ ದೊಡ್ಡ ಪಿನ್ ಕಿತ್ತುಹಾಕಿ, ಇಲ್ಲವೇ ಅರ್ತ್ ತಂತಿ ಕತ್ತರಿಸಿ. ಸದ್ದು ನಿಲ್ಲುತ್ತದೆ ಎನ್ನುವುದು ಎಷ್ಟೋ ಸಲ ನಿಜ. ಅದಕ್ಕೇ ಈ ಸಲಹೆ ಇಷ್ಟೊಂದು ಅಪಾಯಕಾರಿ.

ಅರ್ತ್ ತಂತಿ ಇರುವುದು ಸಂಗೀತಕ್ಕಲ್ಲ, ಜೀವಕ್ಕೆ. ಆಂಪ್ಲಿಫೈಯರಿನ ಒಳಗೆ ಕರೆಂಟಿನ ತಂತಿ ಸಡಿಲಾಗಿ ಲೋಹದ ಮೈಗೆ ತಾಗಿದರೆ, ಅರ್ತ್ ಸರಿಯಾಗಿದ್ದಾಗ ಭಾರಿ ವಿದ್ಯುತ್ ಅದರ ಮೂಲಕ ಹರಿದು ಫ್ಯೂಸ್ ಸುಡುತ್ತದೆ ಅಥವಾ ಎಂಸಿಬಿ ಬೀಳುತ್ತದೆ. ಅರ್ತ್ ಇಲ್ಲದಿದ್ದರೆ? ಆ ಮೈ 230 ವೋಲ್ಟ್‌ನಲ್ಲಿ ಸುಮ್ಮನೆ ಕಾಯುತ್ತಿರುತ್ತದೆ. ಅಷ್ಟೇ ಅಲ್ಲ, ನಾವು ಅಕ್ಕರೆಯಿಂದ ಬೆಸೆದ ಕೇಬಲ್ಲಿನ ಜಾಲರಿ ಆ 230 ವೋಲ್ಟನ್ನು ಪಕ್ಕದ ಉಪಕರಣಕ್ಕೆ, ಅಲ್ಲಿಂದ ಹಾಡುವವರ ಕೈಯಲ್ಲಿರುವ ಲೋಹದ ಮೈಕಿಗೂ ಕೊಂಡೊಯ್ಯಬಲ್ಲದು. ಮನೆಯ ಕರೋಕೆ ಇರಲಿ, ಗಣೇಶೋತ್ಸವದ ಪೆಂಡಾಲ್ ಇರಲಿ, ಈ ಉಪಾಯದ ಹತ್ತಿರವೂ ಸುಳಿಯಬಾರದು.

ಸರಿಯಾದ ದಾರಿಗಳು ಬೇರೆ ಇವೆ. ಎಲ್ಲ ಉಪಕರಣಗಳನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಲ್ಯಾಪ್‌ಟಾಪ್ ಇದ್ದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಸದ್ದು ನಿಂತರೆ ಕಳ್ಳ ಸಿಕ್ಕಂತಾಯಿತು. ಸೆಟ್‌ಟಾಪ್ ಬಾಕ್ಸ್ ಇದ್ದರೆ ಅದರ ಹಿಂದಿನ ಕೇಬಲ್ ಬಿಚ್ಚಿ ನೋಡಿ. ಹೊರಗಿನ ಅರ್ತ್ ಅದರ ಮೂಲಕ ಒಳಬರುವುದುಂಟು. ಯಾವುದೂ ಫಲಿಸದಿದ್ದರೆ ಆಡಿಯೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಎಂಬ ಪುಟ್ಟ ಸಾಧನ ಸಿಗುತ್ತದೆ. ಅದು ಕೇಬಲ್ಲಿನ ದಾರಿಯಲ್ಲಿ ಕೂತು ಸಂಗೀತವನ್ನು ಮಾತ್ರ ಬಿಟ್ಟು ಸೋರಿಕೆಯ ದಾರಿಯನ್ನು ತುಂಡರಿಸುತ್ತದೆ. ಅರ್ತ್ ಹಾಗೆಯೇ ಉಳಿಯುತ್ತದೆ. ಸ್ಟುಡಿಯೋಗಳಲ್ಲಿ ಬಳಸುವುದು ಇನ್ನೂ ಸೊಗಸಾದ ಉಪಾಯ. ಅಲ್ಲಿ ಸಂಕೇತವನ್ನು ಎರಡು ತಂತಿಗಳಲ್ಲಿ ಒಂದಕ್ಕೊಂದು ವಿರುದ್ಧವಾಗಿ ಕಳಿಸಿ, ಕೊನೆಯಲ್ಲಿ ಎರಡರ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುತ್ತಾರೆ. ಎರಡೂ ತಂತಿಗೆ ಸಮನಾಗಿ ಅಂಟಿದ ಗುಂಯ್ ಸದ್ದು ಕಳೆದುಹೋಗುತ್ತದೆ. ನೂರಾರು ಅಡಿ ಸಾಧಾರಣ ಕೇಬಲ್ ಬಳಸಿಯೂ ಅವರ ಧ್ವನಿಮುದ್ರಣ ಶುದ್ಧವಾಗಿರುವುದು ಹೀಗೆ.

ಆದರೆ ನನಗೆ ವ್ಯತ್ಯಾಸ ಕೇಳಿಸಿತಲ್ಲ!

'ಲೆಕ್ಕ ಏನಾದರೂ ಹೇಳಲಿ, ದುಬಾರಿ ಕೇಬಲ್ ಹಾಕಿದ ಮೇಲೆ ಹಾಡು ಚೆನ್ನಾಗಿ ಕೇಳಿಸಿತು' ಎನ್ನುವವರು ಸುಳ್ಳು ಹೇಳುತ್ತಿಲ್ಲ. ಅದಕ್ಕೆ ಕಾರಣಗಳಿವೆ.

ಹಳೆಯ ಕೇಬಲ್ ಕಿತ್ತು ಹೊಸದು ಹಾಕುವಾಗ ಸಾಕೆಟ್ಟಿನ ಮೇಲಿನ ಕಿಲುಬು ಉಜ್ಜಿಹೋಗುತ್ತದೆ. ಸುಧಾರಣೆ ನಿಜ, ಆದರೆ ಹಳೆಯದನ್ನೇ ಕಿತ್ತು ಮತ್ತೆ ಹಾಕಿದ್ದರೂ ಅದು ಸಿಗುತ್ತಿತ್ತು. ಇನ್ನೊಂದು, ಸದ್ದು ಒಂದು ಕೂದಲೆಳೆಯಷ್ಟು ಹೆಚ್ಚಾದರೂ ನಮ್ಮ ಮಿದುಳು ಅದನ್ನು 'ಜೋರು' ಎನ್ನುವುದಿಲ್ಲ, 'ಚೆನ್ನಾಗಿದೆ' ಎನ್ನುತ್ತದೆ. ವಾಲ್ಯೂಮ್ ಗುಂಡಿಯನ್ನು ತುಸು ಮುಟ್ಟಿದ್ದರೂ ಸಾಕು. ಎಲ್ಲಕ್ಕಿಂತ ಮುಖ್ಯವಾಗಿ, ದುಡ್ಡು ಕೊಟ್ಟು ತಂದದ್ದನ್ನು ನಾವು ಮೈಯೆಲ್ಲ ಕಿವಿಯಾಗಿ ಕೇಳುತ್ತೇವೆ. ಅಲ್ಲಿಯವರೆಗೆ ಗಮನಿಸದ ಮೃದಂಗದ ಒಂದು ನಡೆ ಅಂದು ಕಿವಿಗೆ ಬೀಳುತ್ತದೆ. ಬದಲಾದದ್ದು ಕೇಬಲ್ ಅಲ್ಲ, ಕೇಳಿದ ರೀತಿ.

ಇದನ್ನು ಪರೀಕ್ಷಿಸುವ ದಾರಿ ಸುಲಭ. ಮನೆಯವರೊಬ್ಬರಿಗೆ ನಾಣ್ಯ ಚಿಮ್ಮಲು ಹೇಳಿ. ಯಾವ ಕೇಬಲ್ ಹಾಕಿದ್ದಾರೆಂದು ನಿಮಗೆ ಕಾಣಬಾರದು. ವಾಲ್ಯೂಮ್ ಮುಟ್ಟದೆ, ಅದೇ ಹಾಡನ್ನು ಹತ್ತು ಸಲ ಕೇಳಿ ಊಹಿಸಿ. ಸುಮ್ಮನೆ ಊಹಿಸಿದರೂ ಐದು ಸರಿ ಬರುವುದು ಸಹಜ. ಅದೃಷ್ಟದಿಂದಲೇ ಒಂಬತ್ತು ಅಥವಾ ಹತ್ತು ಸರಿ ಬರುವ ಸಾಧ್ಯತೆ ಶೇ 1ರಷ್ಟು ಮಾತ್ರ. ಅಷ್ಟು ಬಂದರೆ ನಿಮಗೆ ನಿಜಕ್ಕೂ ಏನೋ ಕೇಳಿಸುತ್ತಿದೆ ಎಂದರ್ಥ. ಆಗ ಕಾರಣ ಹುಡುಕಿ. ಒಂದರ ಬೆಸುಗೆ ಕೆಟ್ಟಿರಬಹುದು. 2007ರಲ್ಲಿ ಜೇಮ್ಸ್ ರಾಂಡಿ ಎಂಬ ಜಾದೂಗಾರ ಹೀಗೆ ಕಣ್ಣು ಕಟ್ಟಿ ನಡೆಸುವ ಪರೀಕ್ಷೆಯಲ್ಲಿ ದುಬಾರಿ ಸ್ಪೀಕರ್ ಕೇಬಲ್ಲನ್ನು ಗುರುತಿಸಿದವರಿಗೆ ಹತ್ತು ಲಕ್ಷ ಡಾಲರ್ ಕೊಡುವುದಾಗಿ ಹೇಳಿದ್ದರು. ಕೊನೆಗೆ ಆ ಪರೀಕ್ಷೆ ನಡೆಯಲೇ ಇಲ್ಲ. ನಡೆಯದ ಪರೀಕ್ಷೆ ಯಾವುದನ್ನೂ ಸಾಬೀತು ಮಾಡುವುದಿಲ್ಲ, ನಿಜ. ಆದರೆ ನಿಮ್ಮ ಮನೆಯಲ್ಲಿ ಅದನ್ನು ನಡೆಸಲು ಬೇಕಾದ್ದು ಒಂದು ರೂಪಾಯಿಯ ನಾಣ್ಯ ಮಾತ್ರ.

ಕೊನೆಗೆ

ಒಂದು ಮೀಟರಿನ ಕೇಬಲ್ ಒಳ್ಳೆಯದಾಗಿರಲು ಬೇಕಾದ್ದು ದಟ್ಟವಾದ ತಾಮ್ರದ ಜಾಲರಿ, ಮಿತವಾದ ಧಾರಕತೆ, ಬಿಗಿಯಾದ ಪಿನ್, ಅಚ್ಚುಕಟ್ಟಾದ ಬೆಸುಗೆ. ಇವೆಲ್ಲ ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತವೆ. ಉಳಿದ ದುಡ್ಡಿದ್ದರೆ ಸ್ಪೀಕರಿಗೆ ಹಾಕಿ, ಇಲ್ಲವೇ ಒಂದು ಕಛೇರಿಗೆ ಹೋಗಿ ಮುಂದಿನ ಸಾಲಿನಲ್ಲಿ ಕೂತು ಹಾಡು ಕೇಳಿ. ಅದಕ್ಕಿಂತ ಮೊದಲು, ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ಮನೆಯ ಅರ್ತ್ ಸರಿಯಿದೆಯೇ ಎಂದು ನೋಡಿಸಿಕೊಳ್ಳಿ. ಮನೆಯ ಆಡಿಯೋ ವ್ಯವಸ್ಥೆಗೆ ಹಾಕುವ ದುಡ್ಡಿನಲ್ಲಿ ಎಲ್ಲಕ್ಕಿಂತ ಸಾರ್ಥಕವಾದದ್ದು ಅದೇ.